ಕಾರ್ ಷೆಡ್ಡಿನಲ್ಲಿ ಒಂದು ಉಗಿಬಂಡಿ: ಮೀಟರ್ ಗೇಜ್ ಎಂಜಿನ್ನಿನ ಚಿಕ್ಕ ಮಾದರಿ ಕಟ್ಟುವ ಬಗೆ

ನನ್ನ ಮೊದಲ ಎಂಜಿನ್ನಿನ ಚೌಕಟ್ಟು ಈಗಲೂ ಷೆಡ್ಡಿನ ಗೋಡೆಯ ಮೊಳೆಗೆ ನೇತಾಡುತ್ತಿದೆ. ಗಾಲಿಯ ಅಚ್ಚುಗಳ ನಡುವಿನ ಅಂತರವನ್ನು ವರ್ನಿಯರ್ ಹಿಡಿದು ಮೂರು ಸಲ ಅಳೆದು, ಗೀರು ಹಾಕಿ, ಎಡ ಫಲಕವನ್ನೂ ಬಲ ಫಲಕವನ್ನೂ ಬೇರೆ ಬೇರೆಯಾಗಿ ಕೊರೆದಿದ್ದೆ. ಜೋಡಿಸಿ ತಳ್ಳಿದರೆ ಗಾಲಿಗಳು ಮುಕ್ಕಾಲು ಸುತ್ತು ನಯವಾಗಿ ಉರುಳಿ, ಒಂದು ಜಾಗಕ್ಕೆ ಬಂದೊಡನೆ ಹಟಮಾರಿ ಕತ್ತೆಯ ಹಾಗೆ ನಿಂತುಬಿಡುತ್ತಿದ್ದವು. ತಪ್ಪಿದ್ದದ್ದು ಬರೀ 0.2 ಮಿ.ಮೀ. ಮನೆಯ ಡ್ರಿಲ್ಲಿಂಗ್ ಮೆಷಿನ್ನಿನಲ್ಲಿ ಅಷ್ಟೂ ತಪ್ಪದೆ ಕೊರೆಯುವುದು ನನ್ನ ಕೈಲಾಗದ ಕೆಲಸ. ಬಹುಶಃ ನಿಮ್ಮ ಕೈಲೂ ಆಗದು. ಹಾಗೆ ಕೊರೆಯುವ ಅಗತ್ಯವೇ ಇಲ್ಲವೆಂಬುದು ನನಗೆ ತಡವಾಗಿ ಹೊಳೆಯಿತು. ಒಂದಕ್ಕೊಂದು ಹೊಂದಬೇಕಾದ ತುಂಡುಗಳನ್ನು ಒಟ್ಟಿಗೆ ಹಿಡಿದು ಒಂದೇ ಏಟಿಗೆ ಕೊರೆದರಾಯಿತು. ಅಂತರ 70 ಮಿ.ಮೀ. ಆಗಬೇಕಾದದ್ದು 70.3 ಆದರೂ ಚಿಂತೆಯಿಲ್ಲ. ಎಲ್ಲ ತುಂಡುಗಳಲ್ಲೂ ಅದೇ 70.3 ಇರುತ್ತದೆ, ಗಾಲಿ ತಿರುಗುತ್ತದೆ. ಮುಂದೆ ಹೇಳಹೊರಟಿರುವುದರಲ್ಲಿ ಹೆಚ್ಚಿನ ಪಾಲು ಈ ಒಂದೇ ಉಪಾಯವನ್ನು ಬೇರೆ ಬೇರೆ ಜಾಗಗಳಲ್ಲಿ ಬಳಸುವುದರ ಕುರಿತು.

ಏನನ್ನು ಕಟ್ಟುತ್ತಿದ್ದೇವೆ

ನಾಲ್ಕು ಗಾಲಿಯ, ಸ್ಪಿರಿಟ್ ದೀಪದಿಂದ ಕಾಯುವ, ನಿಜವಾದ ಉಗಿಯಿಂದಲೇ ಓಡುವ ಒಂದು ಚಿಕ್ಕ ಷಂಟಿಂಗ್ ಎಂಜಿನ್, ಅಂದರೆ ನಿಲ್ದಾಣದೊಳಗೆ ಡಬ್ಬಿಗಳನ್ನು ಅತ್ತಿತ್ತ ಸರಿಸುವಂಥದ್ದು. ಹಳಿಗಳ ಅಂತರ 45 ಮಿ.ಮೀ. ಮೀಟರ್ ಗೇಜನ್ನು, ಅಂದರೆ ಒಂದು ಮೀಟರಿನ ಹಳಿ ಅಂತರವನ್ನು, 22.5ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಇದೇ ಅಂತರ ಬರುತ್ತದೆ. ಜಗತ್ತಿನಾದ್ಯಂತ ತೋಟದ ರೈಲು ಕಟ್ಟುವವರು ಬಳಸುವ ಅಳತೆಯೂ ಇದೇ. 1990ರ ದಶಕದಲ್ಲಿ ಬೆಂಗಳೂರು–ಮೈಸೂರು ದಾರಿ ಬ್ರಾಡ್ ಗೇಜ್ ಆಗುವವರೆಗೆ ಅಲ್ಲಿ ಓಡಿದ್ದೂ ಮೀಟರ್ ಗೇಜ್ ರೈಲೇ ಆದ್ದರಿಂದ ನಮ್ಮ ಕಡೆಯವರಿಗೆ ಈ ಅಳತೆಯ ಮೇಲೆ ಸ್ವಲ್ಪ ಹೆಚ್ಚು ಮಮತೆ ಇದ್ದರೆ ತಪ್ಪಲ್ಲ. ಲೋಹಕ್ಕೆ ಕೈ ಹಚ್ಚುವ ಮೊದಲು ಒಂದು ದಿನ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಿ ಬನ್ನಿ. 1979ರಿಂದ ಅಲ್ಲಿ ಹಳೆಯ ಉಗಿ ಎಂಜಿನ್ನುಗಳು ಬಯಲಲ್ಲೇ ನಿಂತಿವೆ, ಹತ್ತಿರ ಹೋಗಿ ಮುಟ್ಟಿ ನೋಡಬಹುದು. ಇಡೀ ಎಂಜಿನ್ನಿನ ಫೋಟೊಕ್ಕಿಂತ ಗಾಲಿಗಳನ್ನು ಜೋಡಿಸುವ ಸರಳುಗಳ ತುದಿ, ಬಫರ್ ಹಲಗೆಯ ರಿವೆಟ್ಟು, ಕ್ಯಾಬಿನ ಬಾಗಿಲಂಚು ಇಂಥವುಗಳ ಫೋಟೊ ಆಮೇಲೆ ಉಪಯೋಗಕ್ಕೆ ಬರುತ್ತದೆ.

ಅಳತೆಗಳು ಹೀಗಿವೆ: ಗಾಲಿಯ ವ್ಯಾಸ 36 ಮಿ.ಮೀ., ಅಚ್ಚುಗಳ ಅಂತರ 70, ಒಟ್ಟು ಉದ್ದ ಸುಮಾರು 215. ಎರಡು ಸಿಲಿಂಡರ್, ಒಳವ್ಯಾಸ 8, ಪಿಸ್ಟನ್ನಿನ ಓಟ 14. ಉಗಿಯ ಒತ್ತಡ 2 ಬಾರ್. ಎಲ್ಲ ಸೇರಿ ತೂಕ 1.8 ಕೆ.ಜಿ. ಆಸುಪಾಸು.

ಸಿಲಿಂಡರ್ ಇನ್ನೂ ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎಂದು ಎಲ್ಲರಿಗೂ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಎರಡು ಸಿಲಿಂಡರಿನ ಎಂಜಿನ್ನು ಎಳೆಯುವ ಬಲ ಸಿಗಬೇಕಾದರೆ ಒಳವ್ಯಾಸದ ವರ್ಗವನ್ನು ಓಟದಿಂದಲೂ ಒತ್ತಡದಿಂದಲೂ ಗುಣಿಸಿ, ಗಾಲಿಯ ವ್ಯಾಸದಿಂದ ಭಾಗಿಸಿ, ಉಜ್ಜಾಟದಲ್ಲಿ ಹಾಳಾಗುವ ಪಾಲನ್ನು ಕಳೆಯಲು 0.85ರಿಂದ ಗುಣಿಸುತ್ತಾರೆ. ನಮ್ಮ ಅಳತೆಗೆ ಅದು ಸುಮಾರು 4.2 ನ್ಯೂಟನ್, ಅಂದರೆ 430 ಗ್ರಾಂ ತೂಕದಷ್ಟು ಎಳೆತ. ಲೋಹದ ಹಳಿಯ ಮೇಲೆ ಲೋಹದ ಗಾಲಿ ಜಾರದೆ ಹಿಡಿಯುವುದು ಎಂಜಿನ್ನಿನ ತೂಕದ ನಾಲ್ಕನೆಯ ಒಂದು ಪಾಲಿನಷ್ಟು ಮಾತ್ರ. 1.8 ಕೆ.ಜಿ.ಯ ನಾಲ್ಕನೆಯ ಒಂದು ಪಾಲು 450 ಗ್ರಾಂ. ಎರಡೂ ಸರಿಸಮ. ಸಿಲಿಂಡರನ್ನು 10 ಮಿ.ಮೀ. ಮಾಡಿದರೆ ಎಳೆತ ಹೆಚ್ಚುವುದಿಲ್ಲ, ಗಾಲಿ ನಿಂತಲ್ಲೇ ತಿರುಗಿ ಉಗಿ ಖಾಲಿಯಾಗುತ್ತದೆ, ಅಷ್ಟೆ.

ಉಪಕರಣಗಳ ವಿಷಯದಲ್ಲಿ ಮಾತು ಕಡಿಮೆ ಸಾಕು. ಗಟ್ಟಿಯಾಗಿ ಕೂರಿಸಿದ ಬೆಂಚ್ ವೈಸ್, ಹ್ಯಾಕ್ಸಾ, ನಾಲ್ಕಾರು ಒಳ್ಳೆಯ ಅರಗಳು, ಮೂಲೆಮಟ್ಟ, ಮೇಜಿನ ಮೇಲಿಡುವ ಡ್ರಿಲ್ಲಿಂಗ್ ಮೆಷಿನ್, ರಂಧ್ರದೊಳಗೆ ತಿರುಪು ಕೊರೆಯುವ 2 ಮತ್ತು 3 ಮಿ.ಮೀ. ಟ್ಯಾಪುಗಳು. ಅರವನ್ನು ಮಾತ್ರ ಅಗ್ಗಕ್ಕೆ ಕೊಳ್ಳಬೇಡಿ, ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯ ಸುತ್ತಲಿನ ಓಣಿಗಳಲ್ಲಿ ಒಂದು ಮಧ್ಯಾಹ್ನ ಕಳೆದರೆ ಸಾಕು. ಚಿಕ್ಕ ಲೇತ್ ಇದ್ದರೆ ಸುಖ. ಇಲ್ಲದಿದ್ದರೆ ಗಾಲಿ, ಸಿಲಿಂಡರ್, ಪಿಸ್ಟನ್ ಇಷ್ಟನ್ನು ಪೀಣ್ಯದಂಥ ಕೈಗಾರಿಕಾ ಪ್ರದೇಶದ ಯಾವುದಾದರೂ ಚಿಕ್ಕ ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳಬಹುದು. ನಕ್ಷೆಯನ್ನು ಕಾಗದದ ಮೇಲೆ ಬರೆದು, ಮಿಲಿಮೀಟರಿನಲ್ಲಿ ಅಳತೆ ಹಾಕಿ ಒಯ್ಯಿರಿ. ಬಾಯಲ್ಲಿ ಹೇಳಿದ ಅಳತೆ ಲೇತಿನವರೆಗೆ ತಲುಪುವಷ್ಟರಲ್ಲಿ ಬೇರೆಯೇ ಆಗಿರುತ್ತದೆ.

ಚೌಕಟ್ಟು: ನಾಲ್ಕು ಪದರ, ಒಂದೇ ರಂಧ್ರ

2 ಮಿ.ಮೀ. ದಪ್ಪದ ಹಿತ್ತಾಳೆ ತಗಡಿನಿಂದ ಚೌಕಟ್ಟಿನ ಎರಡು ಫಲಕಗಳನ್ನು ಅಳತೆಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ. ಎರಡರ ಒಳಮೈಯನ್ನೂ ಉಜ್ಜಿ, ಅಲ್ಲಲ್ಲಿ ತವರದ ಬೆಸುಗೆಯಿಂದ ಒಂದಕ್ಕೊಂದು ಅಂಟಿಸಿ. ಇನ್ನು ಮುಂದೆ ಅದು ಒಂದೇ ತುಂಡು ಎಂದುಕೊಂಡು ಗರಗಸ ಆಡಿಸಿ, ಅರ ಹಾಕಿ, ಅಂಚು ತಿದ್ದಿ. ಗಾಲಿಗಳನ್ನು ಜೋಡಿಸುವ ಎರಡು ಸರಳುಗಳಿಗೂ ಇದೇ ಕ್ರಮ: 3 ಮಿ.ಮೀ. ದಪ್ಪದ ಎರಡು ಉಕ್ಕಿನ ಪಟ್ಟಿಗಳನ್ನು ಬೆಸುಗೆಯಿಂದ ಒಂದಾಗಿಸಿಕೊಳ್ಳಿ.

ಈಗ ಸರಳಿನ ಜೋಡಿಯನ್ನು ಫಲಕದ ಜೋಡಿಯ ಮೇಲೆ, ಅಚ್ಚುಗಳು ಬರಬೇಕಾದ ಗೆರೆಗೆ ಸರಿಯಾಗಿ ಕೂರಿಸಿ ಕ್ಲ್ಯಾಂಪ್ ಬಿಗಿಯಿರಿ. ಮೊದಲ ರಂಧ್ರವನ್ನು 3 ಮಿ.ಮೀ. ಬಿಟ್ಟಿನಿಂದ ನಾಲ್ಕೂ ಪದರಗಳ ಮೂಲಕ ಕೊರೆದು, ಅದರೊಳಗೆ ಒಂದು 3 ಮಿ.ಮೀ. ಸರಳನ್ನು ತೂರಿಸಿ. ತುಂಡುಗಳು ಇನ್ನು ಅಲುಗಾಡುವಂತಿಲ್ಲ. ಆಮೇಲೆ ಎರಡನೆಯದನ್ನು ಕೊರೆಯಿರಿ. ಎರಡು ರಂಧ್ರಗಳ ನಡುವಿನ ಅಂತರ ಈಗ ಎಷ್ಟೇ ಇರಲಿ, ಅಚ್ಚುಗಳಿಗೂ ಸರಳುಗಳಿಗೂ ಅದು ಒಂದೇ. ನನ್ನ ಕತ್ತೆ ನಿಂತದ್ದು ಈ ಎರಡು ಅಂತರಗಳು ಬೇರೆ ಬೇರೆಯಾಗಿದ್ದ ಕಾರಣಕ್ಕೆ.

ಕ್ಲ್ಯಾಂಪ್ ಬಿಚ್ಚುವ ಮುನ್ನ ಯಾವುದು ಎಡ, ಯಾವುದು ಬಲ, ಯಾವ ಮುಖ ಹೊರಗೆ ಎಂದು ಪಂಚಿನಿಂದ ಚುಕ್ಕೆ ಇಟ್ಟುಕೊಳ್ಳಿ. ಫಲಕಗಳ ರಂಧ್ರಗಳನ್ನು ಹಂತ ಹಂತವಾಗಿ 8 ಮಿ.ಮೀ.ವರೆಗೆ ಹಿಗ್ಗಿಸಿ, ಕೆಳಗಿನಂಚಿನಿಂದ ಅದೇ ಅಗಲಕ್ಕೆ ಸೀಳಿ. ಆಗ ಗಾಲಿ ಜೋಡಿಸಿದ ಅಚ್ಚು ತನ್ನ ಕಂಚಿನ ಬುಷ್ (ಅಚ್ಚು ಒಳಗೆ ತಿರುಗುವ ಬಳೆ) ಸಮೇತ ಕೆಳಗಿನಿಂದ ಬಂದು ಕೂರುತ್ತದೆ. ಕೆಳಗೊಂದು ಪಟ್ಟಿ ಸ್ಕ್ರೂ ಹಾಕಿದರೆ ಬೀಳುವುದಿಲ್ಲ. ಸೀಳದೆ ಬಿಟ್ಟರೆ ಎರಡನೆಯ ಗಾಲಿಯನ್ನು ಚೌಕಟ್ಟಿನೊಳಗೇ ಕೂರಿಸಬೇಕಾಗುತ್ತದೆ, ತಪ್ಪಾದರೆ ಮತ್ತೆ ಹೊರತೆಗೆಯಲು ಆಗುವುದಿಲ್ಲ. ಸರಳಿನ ರಂಧ್ರಗಳನ್ನು ಮಾತ್ರ 3.1 ಮಿ.ಮೀ.ಗೆ ನಿಲ್ಲಿಸಿ.

ಫಲಕಗಳ ನಡುವೆ 32 ಮಿ.ಮೀ. ಉದ್ದದ ಅಡ್ಡತುಂಡುಗಳು. ಅಲ್ಲಿಗೆ ಚೌಕಟ್ಟಿನ ಹೊರ ಅಗಲ 36 ಆಗುತ್ತದೆ. ಗಾಲಿಗಳ ಬೆನ್ನಿನಿಂದ ಬೆನ್ನಿಗೆ 40 ಮಿ.ಮೀ. ಇರಬೇಕು, ಹೀಗಾಗಿ ಎರಡೂ ಕಡೆ 2 ಮಿ.ಮೀ. ಜಾಗ ಉಳಿಯುತ್ತದೆ. ಅಡ್ಡತುಂಡುಗಳ ಉದ್ದ 32 ಇರಲಿ, 31.8 ಇರಲಿ, ಎಲ್ಲವೂ ಒಂದೇ ಉದ್ದ ಇರಬೇಕು. ವೈಸಿನಲ್ಲಿ ಒಟ್ಟಿಗೆ ಹಿಡಿದು ಒಂದೇ ಅರದಿಂದ ತಿದ್ದಿ.

ಗಾಲಿ ಮತ್ತು ತೊಂಬತ್ತು ಡಿಗ್ರಿಯ ಕಾಟ

ಗಾಲಿಗಳನ್ನು ಉಕ್ಕಿನ ದುಂಡುಸರಳಿನಿಂದ ಕಡೆಯಬೇಕು. ಹಳಿಯ ಮೇಲೆ ಉರುಳುವ ಮೈ 6 ಮಿ.ಮೀ. ಅಗಲ, ಹೊರಕ್ಕೆ ಸುಮಾರು 3 ಡಿಗ್ರಿ ಇಳಿಜಾರು. ಗಾಲಿ ಹಳಿ ತಪ್ಪದಂತೆ ತಡೆಯುವ ಒಳಬದಿಯ ಅಂಚು, ಅಂದರೆ ಫ್ಲೇಂಜ್, 2 ಮಿ.ಮೀ. ಎತ್ತರ. ನಡುವೆ 5 ಮಿ.ಮೀ. ರಂಧ್ರ. ಅಚ್ಚಿಗೆ 5 ಮಿ.ಮೀ. ಸಿಲ್ವರ್ ಸ್ಟೀಲ್ (ಹೆಸರಷ್ಟೇ, ಅದು ನಯವಾದ ಉಕ್ಕು) ಸರಳನ್ನು ಕತ್ತರಿಸಿದರೆ ಸಾಕು.

ಗಾಲಿಗಳನ್ನು ಜೋಡಿಸುವ ಸರಳು, ಮುಂದಿನ ಗಾಲಿಯಲ್ಲಾದರೆ ಪಿಸ್ಟನ್ನಿನ ಸರಳೂ, ಸಿಕ್ಕಿಕೊಳ್ಳುವ ಮೊಳೆಯೇ ಕ್ರ್ಯಾಂಕ್ ಪಿನ್. ಅದರ ರಂಧ್ರವನ್ನು ಪ್ರತಿ ಗಾಲಿಯ ಮೇಲೂ ಅಳೆದು ಗುರುತಿಸಬೇಡಿ. ಗಾಲಿಯ ನಡುವಿನ ರಂಧ್ರದೊಳಗೆ ಕೂರುವ ಗೂಟವುಳ್ಳ ಒಂದು ಉಕ್ಕಿನ ತುಂಡು ಮಾಡಿ, ಅದರಲ್ಲಿ ನಡುವಿನಿಂದ 7 ಮಿ.ಮೀ. ದೂರಕ್ಕೆ 3 ಮಿ.ಮೀ. ರಂಧ್ರ ಹಾಕಿ. ಇದೇ ಜಿಗ್. ನಾಲ್ಕು ಗಾಲಿಗಳಿಗೂ ಇದನ್ನೇ ಇಟ್ಟು ಕೊರೆದರೆ, 7 ಹೋಗಿ 7.1 ಆಗಿದ್ದರೂ ನಾಲ್ಕರಲ್ಲೂ 7.1.

ಇನ್ನು ಎಡಗಾಲಿಯ ಪಿನ್ನಿಗೂ ಬಲಗಾಲಿಯ ಪಿನ್ನಿಗೂ ತೊಂಬತ್ತು ಡಿಗ್ರಿ ಅಂತರ ಇರಬೇಕು. ಇಲ್ಲದಿದ್ದರೆ ಎರಡೂ ಪಿಸ್ಟನ್ನುಗಳು ಒಟ್ಟಿಗೆ ಓಟದ ತುದಿ ತಲುಪಿ, ಎಂಜಿನ್ನು ತಾನಾಗಿ ಹೊರಡಲಾರದ ಜಾಗದಲ್ಲಿ ನಿಲ್ಲುತ್ತದೆ. ಹೊಸಬರು ಹೆದರುವುದೇ ಇಲ್ಲಿ. ಆದರೆ ಕೋನ ನಿಖರವಾಗಿ ತೊಂಬತ್ತೇ ಇರಬೇಕೆಂದಿಲ್ಲ, ಮುಂದಿನ ಅಚ್ಚಿನಲ್ಲೂ ಹಿಂದಿನ ಅಚ್ಚಿನಲ್ಲೂ ಒಂದೇ ಇರಬೇಕು. ಎರಡರಲ್ಲೂ 88 ಇದ್ದರೆ ಎಂಜಿನ್ನಿಗೆ ಗೊತ್ತೂ ಆಗುವುದಿಲ್ಲ. ಒಂದರಲ್ಲಿ 90, ಇನ್ನೊಂದರಲ್ಲಿ 89 ಆದರೆ ಸರಳು ಕಚ್ಚಿಕೊಳ್ಳುತ್ತದೆ. ಅದಕ್ಕೆ ಮತ್ತೆ ಜಿಗ್. ಒಂದು ದಪ್ಪ ಹಲಗೆಯ ಮೇಲೆ ಅಚ್ಚನ್ನು ಹಿಡಿಯುವ ಎರಡು ಕಂಬ. ಎಡಗಡೆ ಕ್ರ್ಯಾಂಕ್ ಪಿನ್ನು ನೇರ ಮುಂದಕ್ಕೆ ಬಂದು ತಾಗುವ ಒಂದು ತಡೆ, ಬಲಗಡೆ ಪಿನ್ನು ನೇರ ಮೇಲೆ ಬಂದು ತಾಗುವ ಇನ್ನೊಂದು ತಡೆ. ಅಚ್ಚಿಗೆ ಮೊದಲು ಬುಷ್‌ಗಳನ್ನು ತೂರಿಸಿ (ನಾನು ಒಮ್ಮೆ ಮರೆತಿದ್ದೇನೆ), ಲಾಕ್‌ಟೈಟ್ 638ರಂಥ ಬಿಗಿಯುವ ಅಂಟು ಹಚ್ಚಿ ಗಾಲಿಗಳನ್ನು ಕೂರಿಸಿ, ಎರಡೂ ಪಿನ್ನುಗಳು ತಡೆಗೆ ಒರಗಿರುವಂತೆ ಬಿಡಿ. ಕೆಲವು ನಿಮಿಷಗಳಲ್ಲೇ ಅದು ಹಿಡಿಯುತ್ತದೆ, ಆದರೂ ಮರುದಿನದವರೆಗೆ ಮುಟ್ಟಬೇಡಿ. ಎರಡನೆಯ ಅಚ್ಚನ್ನೂ ಅದೇ ಜಿಗ್‌ನಲ್ಲಿ ಮಾಡಿ.

ಈಗ ಮೊದಲ ಪರೀಕ್ಷೆ. ಗಾಲಿಗಳನ್ನು ಚೌಕಟ್ಟಿಗೆ ಕೂರಿಸಿ, ಸರಳು ಹಾಕಿ, ಒಂದು ಹನಿ ಎಣ್ಣೆ ಬಿಟ್ಟು 600 ಮಿ.ಮೀ. ಉದ್ದದ ಹಲಗೆಯ ಮೇಲಿಡಿ. ಹಲಗೆಯ ಒಂದು ತುದಿಯನ್ನು 25 ಮಿ.ಮೀ. ಎತ್ತಿದರೆ ಅದು ತಾನಾಗಿಯೇ ಉರುಳಿ ಹೋಗಬೇಕು. ಹೋಗದಿದ್ದರೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ. ಇಲ್ಲಿಯ ಬಿಗಿತವನ್ನು ಉಗಿಯ ಬಲದಿಂದ ಗೆಲ್ಲಬಹುದೆಂದು ನೆಚ್ಚಿಕೊಂಡವರ ಎಂಜಿನ್ನುಗಳೆಲ್ಲ ಷೋಕೇಸಿನಲ್ಲಿವೆ.

ತೂಗಾಡುವ ಸಿಲಿಂಡರ್

ದೊಡ್ಡ ಎಂಜಿನ್ನುಗಳಲ್ಲಿ ಉಗಿಯನ್ನು ಒಳಬಿಡಲು, ಹೊರಬಿಡಲು ಬೇರೆಯೇ ಕವಾಟ, ಅದನ್ನು ಆಡಿಸಲು ಹತ್ತಾರು ಸನ್ನೆಗಳು ಇರುತ್ತವೆ. ಮೊದಲ ಎಂಜಿನ್ನಿಗೆ ಅದೆಲ್ಲ ಬೇಡ. ನಡುವಿನ ಒಂದು ಕೀಲಿನ ಮೇಲೆ ಸಿಲಿಂಡರೇ ತೊಟ್ಟಿಲಿನಂತೆ ತೂಗಾಡಿದರೆ ಅದೇ ಕವಾಟವೂ ಆಗುತ್ತದೆ. ಸಿಲಿಂಡರಿನ ಬೆನ್ನಿನಲ್ಲಿ ಎರಡು ತುದಿಗೂ ಒಂದೊಂದು ರಂಧ್ರ. ಅದು ಒರಗುವ ಸ್ಥಿರ ಮುಖದಲ್ಲಿ ನಾಲ್ಕು ರಂಧ್ರ. ಸಿಲಿಂಡರಿನ ಮುಂದಿನ ತುದಿ ಮೇಲಕ್ಕೆ ತೂಗಿದಾಗ ಹಿಂದಿನ ತುದಿ ಕೆಳಕ್ಕೆ ಹೋಗುತ್ತದೆ. ಮೇಲೆ ಹೋದದ್ದು ಉಗಿ ಪಡೆಯುತ್ತದೆ, ಕೆಳಗೆ ಹೋದದ್ದು ಬಿಡುತ್ತದೆ. ಅರ್ಧ ಸುತ್ತಿನ ನಂತರ ಅದಲುಬದಲು. ಆದ್ದರಿಂದ ಮೇಲಿನ ಎರಡು ರಂಧ್ರಗಳನ್ನು ಒಳಗೇ ಕೂಡಿಸಿ ಉಗಿಯ ಕೊಳವೆಗೆ, ಕೆಳಗಿನ ಎರಡನ್ನು ಕೂಡಿಸಿ ಚಿಮಣಿಯ ಕಡೆಗೆ ಒಯ್ಯಬೇಕು. ಇವೆರಡನ್ನು ಬದಲಿಸಿದರೆ ಎಂಜಿನ್ನು ಹಿಂದಕ್ಕೆ ಓಡುತ್ತದೆ. ಅದಕ್ಕೊಂದು ತಿರುಗುಕವಾಟ ಮಾಡಬಹುದು; ಈ ಸಲ ಬಿಟ್ಟುಬಿಡಿ, ಮುಂದಕ್ಕಷ್ಟೇ ಓಡಲಿ.

ಸಿಲಿಂಡರುಗಳು ಮುಂದಿನ ಗಾಲಿಗಿಂತ ಮುಂದೆ, ಕೀಲಿನಿಂದ ಮುಂದಿನ ಅಚ್ಚಿನವರೆಗೆ 48 ಮಿ.ಮೀ. ಇರುವಂತೆ ಬರಬೇಕು. ಕ್ರ್ಯಾಂಕ್ 7 ಮಿ.ಮೀ. ಆದ್ದರಿಂದ ಕೀಲಿನಿಂದ 10 ಮಿ.ಮೀ. ದೂರದಲ್ಲಿರುವ ರಂಧ್ರ ಮೇಲೆ ಕೆಳಗೆ ಆಡುವುದು 10 × 7 ÷ 48, ಸುಮಾರು 1.46 ಮಿ.ಮೀ. ಪಿಸ್ಟನ್ ಓಟದ ತುದಿಯಲ್ಲಿದ್ದಾಗ ಸಿಲಿಂಡರಿನ ರಂಧ್ರ ಉಗಿಗೂ ತೆರೆದಿರಬಾರದು, ಚಿಮಣಿಗೂ ತೆರೆದಿರಬಾರದು. ಹಾಗಾಗಿ ರಂಧ್ರದ ವ್ಯಾಸ 1.46ಕ್ಕಿಂತ ಕಡಿಮೆ ಇರಬೇಕು. 1.4 ಮಿ.ಮೀ. ಬಿಟ್ ಬಳಸಿ. 1.5 ಹಾಕಿದರೆ ಉಗಿ ಕೆಲಸ ಮಾಡದೆ ನೇರವಾಗಿ ಚಿಮಣಿಗೆ ನುಸುಳುತ್ತದೆ.

ಇಷ್ಟು ಸಣ್ಣ ಅಂತರಗಳನ್ನು ಗೀರುಕಡ್ಡಿಯಿಂದ ಗುರುತಿಸುವ ಗೊಡವೆಗೆ ಹೋಗಬೇಡಿ, ಎಂಜಿನ್ನೇ ಗುರುತು ಹಾಕಿಕೊಡಲಿ. ಒಂದು ಉಕ್ಕಿನ ಪಟ್ಟಿಯಲ್ಲಿ ಕೀಲಿಗೊಂದು ರಂಧ್ರ, ಅದರ ಎರಡು ಬದಿಗೂ 10 ಮಿ.ಮೀ. ದೂರದಲ್ಲಿ ಒಂದೊಂದು 1.4 ಮಿ.ಮೀ. ರಂಧ್ರ, ಇನ್ನೊಂದು ತುದಿಯಲ್ಲಿ ಕ್ರ್ಯಾಂಕ್ ಪಿನ್ ಜಾರಿಯಾಡುವಂತೆ ಉದ್ದನೆಯ ಸೀಳುಗಂಡಿ. ಎಲ್ಲವೂ ಒಂದೇ ನೇರಗೆರೆಯಲ್ಲಿರಲಿ. ಪಟ್ಟಿಯನ್ನು ಚೌಕಟ್ಟಿನ ಮೇಲೆ ಕೀಲಿಗೂ ಪಿನ್ನಿಗೂ ತೊಡಿಸಿ ಗಾಲಿ ತಿರುಗಿಸಿ. ಪಟ್ಟಿ ಅತಿ ಹೆಚ್ಚು ಮೇಲಕ್ಕೆ ತೂಗಿದಾಗ ಒತ್ತಿ ಹಿಡಿದು ಎರಡು ರಂಧ್ರಗಳ ಮೂಲಕ ಸ್ಥಿರ ಮುಖವನ್ನು ಕೊರೆಯಿರಿ. ಅತಿ ಹೆಚ್ಚು ಕೆಳಕ್ಕೆ ತೂಗಿದಾಗ ಇನ್ನೆರಡನ್ನು. ಸಿಲಿಂಡರಿನ ಬೆನ್ನನ್ನೂ ಅದೇ ಪಟ್ಟಿಯಿಂದ ಕೊರೆಯಿರಿ. ನಿಮ್ಮ ಕ್ರ್ಯಾಂಕ್ 7.1 ಆಗಿದ್ದರೆ ರಂಧ್ರಗಳು ಅದಕ್ಕೆ ತಕ್ಕಂತೆಯೇ ಬಿದ್ದಿರುತ್ತವೆ.

ಸಿಲಿಂಡರಿಗೆ ಗನ್‌ಮೆಟಲ್ (ಒಂದು ಬಗೆಯ ಕಂಚು) ಒಳ್ಳೆಯದು, ಹಿತ್ತಾಳೆಯೂ ನಡೆಯುತ್ತದೆ. ಒಳಗಿನ ಉದ್ದ 22 ಮಿ.ಮೀ.: ಓಟ 14, ಪಿಸ್ಟನ್ನಿನ ದಪ್ಪ 6, ಎರಡೂ ತುದಿಗೆ ಒಂದೊಂದು ಮಿ.ಮೀ. ಖಾಲಿ. ಪಿಸ್ಟನ್ನಿನ ಎರಡೂ ಅಂಚುಗಳನ್ನು ಸ್ವಲ್ಪ ಓರೆ ಮಾಡಿದರೆ ಉಗಿಯ ರಂಧ್ರ ಮುಚ್ಚಿಹೋಗುವುದಿಲ್ಲ. ನಡುವೆ ಒಂದು ಕಾಲುವೆ ಕಡೆದು ಗ್ರಾಫೈಟ್ ನೂಲು ಸುತ್ತಿ. ಪಿಸ್ಟನ್ ಸರಳು 2.5 ಮಿ.ಮೀ. ಸ್ಟೇನ್‌ಲೆಸ್ ಉಕ್ಕು. ಒಂದಕ್ಕೊಂದು ಉಜ್ಜುವ ಎರಡು ಮುಖಗಳನ್ನು ಮಾತ್ರ ಸಾವಧಾನವಾಗಿ ಮಾಡಿ: ದಪ್ಪ ಗಾಜಿನ ಮೇಲೆ 600 ನಂಬರಿನ ನೀರುಕಾಗದ ಹರಡಿ, ಎಣ್ಣೆ ಹಾಕಿ ಉಜ್ಜಿ, ಆಮೇಲೆ 1000. ಮುಖದ ಮೇಲೆ ಎಲ್ಲೂ ಹೊಳಪಿನ ದ್ವೀಪಗಳಿಲ್ಲದೆ ಒಂದೇ ಮಂಕು ಬಣ್ಣ ಬಂದರೆ ಚಪ್ಪಟೆಯಾಗಿದೆ ಎಂದರ್ಥ. ಕೀಲಿನ ಹಿಂಬದಿಯ ಒಂದು ಸ್ಪ್ರಿಂಗು ಸಿಲಿಂಡರನ್ನು ಮುಖಕ್ಕೆ ಒತ್ತಿ ಹಿಡಿಯುತ್ತದೆ. ಇದರಿಂದ ಇನ್ನೊಂದು ಲಾಭವಿದೆ. ತಣ್ಣಗಿರುವ ಸಿಲಿಂಡರಿನಲ್ಲಿ ಉಗಿ ನೀರಾಗಿ ತುಂಬಿಕೊಂಡರೆ ಸ್ಪ್ರಿಂಗು ಸ್ವಲ್ಪ ಹಿಮ್ಮೆಟ್ಟಿ ಆ ನೀರನ್ನು ಹೊರಗೆ ಬಿಡುತ್ತದೆ. ಬೇರೆ ಕವಾಟ ಬೇಕಿಲ್ಲ.

ಬಾಯ್ಲರ್ ಇನ್ನೂ ಇಲ್ಲ, ಆದರೂ ಎಂಜಿನ್ನನ್ನು ಓಡಿಸಬಹುದು. ಉಗಿಕೊಳವೆಗೆ ಸೈಕಲ್ ಪಂಪಿನ ರಬ್ಬರ್ ಕೊಳವೆ ಸಿಕ್ಕಿಸಿ, ಗಾಲಿಗಳನ್ನು ಮೇಲೆತ್ತಿ ಹಿಡಿದು, ಯಾರಿಗಾದರೂ ಪಂಪ್ ಹೊಡೆಯಲು ಹೇಳಿ. ಟಕಟಕನೆ ತಿರುಗಿದ ಆ ಸಂಜೆ ನನ್ನ ಮನೆಯವರೆಲ್ಲರೂ ಸರದಿಯಲ್ಲಿ ಪಂಪ್ ಹೊಡೆದಿದ್ದಾರೆ.

ಬಾಯ್ಲರ್: ಇಲ್ಲಿ ಹುಡುಗಾಟ ಬೇಡ

ಭಾರತದ ಬಾಯ್ಲರ್ ಕಾಯ್ದೆ 25 ಲೀಟರಿಗಿಂತ ಚಿಕ್ಕ ಪಾತ್ರೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ; ನಮ್ಮದು ಕಾಲು ಲೀಟರಿಗೂ ಕಡಿಮೆ. ಯಾವ ಇನ್‌ಸ್ಪೆಕ್ಟರೂ ಬಂದು ನೋಡುವುದಿಲ್ಲ. ಹಾಗಾಗಿ ಆ ಕೆಲಸವೂ ನಿಮ್ಮದೇ. ಅಡುಗೆಮನೆಯ ಕುಕ್ಕರ್ ಕೆಲಸ ಮಾಡುವುದು ಸುಮಾರು 1 ಬಾರ್ ಒತ್ತಡದಲ್ಲಿ. ನಮ್ಮ ಬಾಯ್ಲರ್ ಅದರ ಎರಡರಷ್ಟು.

54 ಮಿ.ಮೀ. ಹೊರವ್ಯಾಸ, 1.2 ಮಿ.ಮೀ. ದಪ್ಪದ ತಾಮ್ರದ ಕೊಳವೆ ಬೇಕು, 110 ಮಿ.ಮೀ. ಉದ್ದ. ಆಸ್ಪತ್ರೆಗಳಲ್ಲಿ ಆಮ್ಲಜನಕದ ಕೊಳವೆ ಎಳೆಯುವವರ ಬಳಿ ಇಂಥ ಕೊಳವೆಯ ತುಂಡುಗಳನ್ನು ವಿಚಾರಿಸಿ. ಕೊಳವೆಯ ಮೈ 2 ಬಾರ್ ಒತ್ತಡವನ್ನು ಲೀಲಾಜಾಲವಾಗಿ ತಡೆಯುತ್ತದೆ. ಚಿಂತೆ ಇರುವುದು ಎರಡು ಚಪ್ಪಟೆ ಮುಚ್ಚಳಗಳದ್ದು. ಒಂದೊಂದರ ಮೇಲೂ ಸುಮಾರು 43 ಕೆ.ಜಿ. ತೂಕದಷ್ಟು ತಳ್ಳು ಬೀಳುತ್ತದೆ. ಅದಕ್ಕೇ ಒಂದು ಮುಚ್ಚಳದಿಂದ ಇನ್ನೊಂದಕ್ಕೆ ನಡುವೆ ಹಾದುಹೋಗುವ 5 ಮಿ.ಮೀ. ಕಂಚಿನ ಸರಳು ಹಾಕಿ ಎರಡನ್ನೂ ಕಟ್ಟಿಹಾಕಬೇಕು.

ಮುಚ್ಚಳಕ್ಕೆ 2 ಮಿ.ಮೀ. ತಾಮ್ರದ ತಗಡು. ಸುಮಾರು 62 ಮಿ.ಮೀ. ವ್ಯಾಸದ ಬಿಲ್ಲೆ ಕತ್ತರಿಸಿ, ಕೆಂಪಗೆ ಕಾಯಿಸಿ ನೀರಿಗೆ ಅದ್ದಿ. ಉಕ್ಕಿಗೆ ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. 47.4 ಮಿ.ಮೀ. ವ್ಯಾಸದ ದುಂಡು ಉಕ್ಕಿನ ತುಂಡಿನ ಮೇಲಿಟ್ಟು ಅಂಚನ್ನು ಮರದ ಸುತ್ತಿಗೆಯಿಂದ ಸುತ್ತಲೂ ನಿಧಾನವಾಗಿ ಬಡಿದು ಮಡಿಸಿ. ಒಂದೆರಡು ಸುತ್ತು ಬಡಿದೊಡನೆ ತಾಮ್ರ ಮತ್ತೆ ಬಿರುಸಾಗುತ್ತದೆ, ಪೆಟ್ಟಿನ ಸದ್ದೇ ಬದಲಾಗುತ್ತದೆ. ಆಗ ಮತ್ತೆ ಕಾಯಿಸಿ. ಹಂಡೆ ಬಡಿಯುವವರು ಕಿವಿಯಿಂದಲೇ ಇದನ್ನು ತಿಳಿಯುತ್ತಾರೆ. ಅವಸರಪಟ್ಟು ಕಾಯಿಸದೆ ಬಡಿದರೆ ಅಂಚು ಸೀಳುತ್ತದೆ, ಆ ಬಿಲ್ಲೆ ಗುಜರಿಗೆ.

ನೀರು ತುಂಬುವ ಬಾಯಿ, ಉಗಿಯ ಕೊಳವೆ, ಒತ್ತಡಮಾಪಕ ಇವೆಲ್ಲ ಕೂರುವ ತಿರುಪು ಬಾಯಿಗಳನ್ನು ಗನ್‌ಮೆಟಲ್ ಇಲ್ಲವೇ ಕಂಚಿನಲ್ಲಿ ಮಾಡಿ, ಹಿತ್ತಾಳೆಯಲ್ಲಿ ಬೇಡ. ಬಿಸಿನೀರು ಹಿತ್ತಾಳೆಯೊಳಗಿನ ಸತುವನ್ನು ಮೆಲ್ಲಮೆಲ್ಲನೆ ತಿಂದುಹಾಕುತ್ತದೆ. ಹೊರಗಿನಿಂದ ಚೆನ್ನಾಗಿಯೇ ಕಾಣುವ ತುಂಡು ಒಂದು ದಿನ ಬಿಸ್ಕತ್ತಿನಂತೆ ಪುಡಿಯಾಗುತ್ತದೆ.

ಬೆಸುಗೆ ಬೆಳ್ಳಿಯದೇ ಆಗಬೇಕು. ತವರ–ಸೀಸದ ಮಾಮೂಲಿ ಬೆಸುಗೆ 183 ಡಿಗ್ರಿಯಲ್ಲೇ ಕರಗತೊಡಗುತ್ತದೆ. 2 ಬಾರ್ ಒತ್ತಡದಲ್ಲಿ ನೀರು ಕುದಿಯುವುದು ಸುಮಾರು 134 ಡಿಗ್ರಿಯಲ್ಲಿ, ನೀರಿರುವ ತನಕ ಏನೂ ಆಗದು. ನೀರು ಆರಿದ ಮರುಗಳಿಗೆಯಲ್ಲಿ ದೀಪದ ಜ್ವಾಲೆ ಆ ಬೆಸುಗೆಯನ್ನು ಎಣ್ಣೆಯಂತೆ ಹರಿಸಿಬಿಡುತ್ತದೆ. 55 ಪಾಲು ಬೆಳ್ಳಿಯುಳ್ಳ, ಕ್ಯಾಡ್ಮಿಯಂ ಇಲ್ಲದ ಬೆಸುಗೆ ಕರಗುವುದು 630ರಿಂದ 660 ಡಿಗ್ರಿಯಲ್ಲಿ. ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದೆ, ಆದರೆ ಇಡೀ ಬಾಯ್ಲರಿಗೆ ಬೇಕಾಗುವುದು ಒಂದೆರಡು ಕಡ್ಡಿ.

ಬೆಂಕಿ ಇಟ್ಟಿಗೆಗಳನ್ನು ಮೂರು ಕಡೆ ಜೋಡಿಸಿ ಗೂಡು ಮಾಡಿಕೊಳ್ಳಿ. ಕೈಯಲ್ಲಿ ಹಿಡಿಯುವ ಪುಟ್ಟ ಬ್ಯೂಟೇನ್ ಟಾರ್ಚ್ ಸಾಲದು. ತಾಮ್ರ ಶಾಖವನ್ನು ಹೀರಿ ಎಲ್ಲ ಕಡೆಗೂ ಹಂಚಿಬಿಡುತ್ತದೆ. ಎಲ್‌ಪಿಜಿ ಸಿಲಿಂಡರಿನ ದೊಡ್ಡ ಟಾರ್ಚ್ ಬೇಕು. ಕೂಡುವ ಜಾಗವನ್ನು ಚೊಕ್ಕ ಮಾಡಿ, ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಬಳಿದು, ಇಡೀ ತುಂಡನ್ನು ಕಾಯಿಸುತ್ತಾ ಹೋಗಿ. ಫ್ಲಕ್ಸ್ ಮೊದಲು ನೊರೆಯಾಗಿ ಉಬ್ಬುತ್ತದೆ, ಆಮೇಲೆ ಗಾಜಿನಂತೆ ತಿಳಿಯಾಗಿ ಹರಿಯುತ್ತದೆ, ತಾಮ್ರ ಮಂದಗೆಂಪಾಗುತ್ತದೆ. ಆಗ ಜ್ವಾಲೆಯನ್ನು ಪಕ್ಕಕ್ಕೆ ಸರಿಸಿ ಬೆಸುಗೆ ಕಡ್ಡಿಯನ್ನು ತಾಗಿಸಿದರೆ, ಲೋಹದ ಶಾಖಕ್ಕೇ ಕರಗಿ ಸಂದಿಯೊಳಗೆ ಸರ್ರನೆ ಓಡುತ್ತದೆ. ಕಡ್ಡಿಯನ್ನು ಜ್ವಾಲೆಯಿಂದ ಕರಗಿಸಿ ತೊಟ್ಟಿಕ್ಕಿಸಿದರೆ ಮೇಲೆ ಗಂಟು ಗಂಟಾಗಿ ಕೂರುತ್ತದೆ, ಒಳಗೆ ಹಿಡಿದಿರುವುದಿಲ್ಲ. ಮೊದಲು ತಿರುಪು ಬಾಯಿಗಳು, ಆಮೇಲೆ ಮುಚ್ಚಳಗಳು ಮತ್ತು ನಡುವಿನ ಸರಳು. ಒಂದು ಬಾಯಿಯಾದರೂ ಸದಾ ತೆರೆದಿರಲಿ. ಎಲ್ಲ ಕಡೆ ಮುಚ್ಚಿದ ಪಾತ್ರೆಯನ್ನು ಎಂದಿಗೂ ಟಾರ್ಚಿನಿಂದ ಕಾಯಿಸಬಾರದು.

ಕಪ್ಪಾದ ತಾಮ್ರವನ್ನು ತೊಳೆಯಲು ಆ್ಯಸಿಡ್ ಹುಡುಕಿಕೊಂಡು ಹೋಗಬೇಕಿಲ್ಲ. ಆರಿದ ಮೇಲೆ ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ಬಿಸಿನೀರಿನಲ್ಲಿ ಕರಗಿಸಿ ರಾತ್ರಿಯಿಡೀ ಮುಳುಗಿಸಿಡಿ. ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುವುದೂ ಇದೇ ರಸಾಯನಶಾಸ್ತ್ರ.

ಪರೀಕ್ಷೆಯನ್ನು ತಣ್ಣೀರಿನಿಂದ ಮಾಡಬೇಕು, ಗಾಳಿಯಿಂದ ಅಲ್ಲವೇ ಅಲ್ಲ. ಒತ್ತಿದ ಗಾಳಿ ಸ್ಪ್ರಿಂಗಿನ ಹಾಗೆ, ಪಾತ್ರೆ ಸೀಳಿದರೆ ಚೂರುಗಳನ್ನು ಎಸೆಯುತ್ತದೆ. ನೀರಾದರೆ ಒಂದು ಹನಿ ಜಿನುಗಿ ಒತ್ತಡ ಇಳಿದುಹೋಗುತ್ತದೆ. ಗಾಳಿಯ ಒಂದು ಗುಳ್ಳೆಯೂ ಉಳಿಯದಂತೆ ಬಾಯ್ಲರನ್ನು ನೀರಿನಿಂದ ತುಂಬಿಸಿ, ಪ್ಲಂಬರುಗಳು ಪೈಪುಗಳ ಸೋರಿಕೆ ನೋಡಲು ಬಳಸುವ ಕೈಪಂಪನ್ನು ಜೋಡಿಸಿ, 4 ಬಾರ್‌ವರೆಗೆ ಏರಿಸಿ. ಅದು ಓಡುವ ಒತ್ತಡದ ಎರಡರಷ್ಟು. ಅರ್ಧ ಗಂಟೆ ಮುಳ್ಳು ಅಲ್ಲಾಡಬಾರದು, ಮುಚ್ಚಳ ಉಬ್ಬಬಾರದು. ಜಿನುಗಿದರೆ ಮತ್ತೆ ಬೆಸುಗೆ, ಮತ್ತೆ ಪರೀಕ್ಷೆ. ನನ್ನದು ಮೂರನೆಯ ಸಲಕ್ಕೆ ಪಾಸಾಯಿತು.

ಸುರಕ್ಷಾ ಕವಾಟ ನೀರು ತುಂಬುವ ಬಾಯಿಯ ಮೇಲೇ ಕೂರುತ್ತದೆ. 3 ಮಿ.ಮೀ. ರಂಧ್ರದ ಮೇಲೆ ಒಂದು ಸ್ಟೇನ್‌ಲೆಸ್ ಗುಂಡು, ಅದನ್ನು ಒತ್ತುವ ಸ್ಪ್ರಿಂಗು. 2 ಬಾರ್‌ನಲ್ಲಿ ಗುಂಡನ್ನು ಮೇಲೆತ್ತುವ ಬಲ ಸುಮಾರು 145 ಗ್ರಾಂ ತೂಕದಷ್ಟು. ಸ್ಪ್ರಿಂಗನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಒತ್ತಿ, ಎಷ್ಟು ಕುಗ್ಗಿದಾಗ 145 ತೋರಿಸುತ್ತದೆ ಎಂದು ನೋಡಿಕೊಂಡರೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಕೊನೆಯ ತಿದ್ದುಪಡಿಯನ್ನು ಒತ್ತಡಮಾಪಕ ನೋಡಿಕೊಂಡು ಮಾಡಿ.

ದೀಪ, ಎಣ್ಣೆ, ಮೇಲ್ಮೈ

ಬಾಯ್ಲರಿನ ಕೆಳಗೆ ಮೂರು ಬತ್ತಿಯ ಸ್ಪಿರಿಟ್ ದೀಪ. ಸ್ಪಿರಿಟ್ ಬಿಟ್ಟು ಬೇರೇನನ್ನೂ, ಪೆಟ್ರೋಲನ್ನಂತೂ, ಹತ್ತಿರ ತರಬೇಡಿ. ದೀಪದ ತೊಟ್ಟಿ ದೊಡ್ಡದಿದ್ದಷ್ಟೂ ಒಳ್ಳೆಯದೆಂದು ತೋರುತ್ತದೆ, ತೊಟ್ಟಿ ಚಿಕ್ಕದಿರಬೇಕು. ನೀರು ಮುಗಿಯುವ ಮೊದಲು ಸ್ಪಿರಿಟ್ ಮುಗಿಯಬೇಕು. ಬಾಯ್ಲರಿಗೆ 150 ಮಿ.ಲೀ. ನೀರು ಅಳೆದು ಹಾಕಿ, ದೀಪಕ್ಕೆ 15 ಮಿ.ಲೀ. ಸ್ಪಿರಿಟ್ ಹಾಕಿ ಎಂಜಿನ್ನನ್ನು ನಿಲ್ಲಿಸಿಯೇ ಉರಿಸಿ, ಆರಿದ ಮೇಲೆ ಉಳಿದ ನೀರನ್ನು ಅಳೆಯಿರಿ. ಕನಿಷ್ಠ 50 ಮಿ.ಲೀ. ಉಳಿಯುವಂತೆ ಸ್ವಲ್ಪ ಸ್ವಲ್ಪವೇ ಸ್ಪಿರಿಟ್ ಹೆಚ್ಚಿಸುತ್ತಾ ಹೋಗಿ, ಆ ಅಳತೆಗೆ ತೊಟ್ಟಿ ಮಾಡಿ. ಆಗ ನೀವು ಮರೆತರೂ ದೀಪ ತಾನಾಗಿ ಆರುತ್ತದೆ.

ಆಷಾಢದ ಗಾಳಿಗೆ ಈ ದೀಪ ನಿಲ್ಲುವುದಿಲ್ಲ. ಎಂಜಿನ್ನಿನ ಎರಡೂ ಬದಿಯ ನೀರಿನ ತೊಟ್ಟಿಗಳು ನಮ್ಮಲ್ಲಿ ಬರೀ ತೋರಿಕೆಯವು. ಅವನ್ನು ಸ್ವಲ್ಪ ಕೆಳಕ್ಕೆ ಇಳಿಸಿದರೆ ಗಾಳಿಮರೆಯಾಗುತ್ತವೆ.

ಉಗಿಕೊಳವೆಗೆ ಬೆರಳ ತುದಿಯಷ್ಟು ದೊಡ್ಡ ಎಣ್ಣೆಬುಡ್ಡಿಯೊಂದನ್ನು ಸಣ್ಣ ರಂಧ್ರದ ಮೂಲಕ ಜೋಡಿಸಿ, ಉಗಿ ಸಿಲಿಂಡರಿಗೆಂದೇ ಬರುವ ದಪ್ಪ ಎಣ್ಣೆ ತುಂಬಿಸಿ. ಉಗಿ ಒಳಬಂದು ನೀರಾಗಿ ತಳಕ್ಕಿಳಿಯುತ್ತದೆ, ಅಷ್ಟೇ ಎಣ್ಣೆ ತೇಲಿ ಕೊಳವೆಗೆ ಸೇರುತ್ತದೆ. ಆಡುವ ಭಾಗ ಒಂದೂ ಇಲ್ಲ. ಮೋಟಾರ್ ಸೈಕಲ್ಲಿನ ಎಣ್ಣೆ ಇಲ್ಲಿ ಕೆಲಸಕ್ಕೆ ಬಾರದು, ನೀರಿನೊಡನೆ ಕಲಸಿ ಮೊಸರಾಗುತ್ತದೆ.

ಕ್ಯಾಬು, ಚಿಮಣಿ, ಗುಮ್ಮಟ ನಿಮ್ಮ ಇಷ್ಟ. ಬಣ್ಣಕ್ಕೆ ಬೈಕಿನ ಸೈಲೆನ್ಸರಿಗೆ ಹೊಡೆಯುವ ಶಾಖ ತಡೆಯುವ ಕಪ್ಪು ಸಾಕು.

ಹಳಿಗೆ ಇಳಿಸುವ ದಿನ

3 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯನ್ನು, ಗರಗಸದಿಂದ ಸೀಳಿದ ಮರದ ಸ್ಲೀಪರುಗಳಲ್ಲಿ ನಿಲ್ಲಿಸಿದರೆ ಅಗ್ಗದ ಹಳಿಯಾಯಿತು. ಸ್ಲೀಪರುಗಳನ್ನು ಒಟ್ಟಿಗೆ ಕಟ್ಟಿ ಸೀಳಬೇಕೆಂದು ಇನ್ನು ಹೇಳಬೇಕಿಲ್ಲ. ತಿರುವುಗಳ ತ್ರಿಜ್ಯ 600 ಮಿ.ಮೀ.ಗಿಂತ ಕಡಿಮೆ ಆಗದಿರಲಿ, ಹಳಿ ಮಟ್ಟವಾಗಿರಲಿ.

ಕೆಟಲಿನ ಬಿಸಿನೀರನ್ನೇ ತುಂಬಿಸಿ. ಏಳೆಂಟು ನಿಮಿಷದಲ್ಲಿ ಒತ್ತಡ ಏರುತ್ತದೆ. ಬಿಸಿಲಿನಲ್ಲಿ ಸ್ಪಿರಿಟ್ಟಿನ ಜ್ವಾಲೆ ಕಣ್ಣಿಗೇ ಕಾಣುವುದಿಲ್ಲ, ಆರಿದೆ ಎಂದುಕೊಂಡು ಕೈ ಹಾಕಬೇಡಿ, ಬಿಸಿ ದೀಪಕ್ಕೆ ಸ್ಪಿರಿಟ್ ಸುರಿಯಬೇಡಿ. ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಸ್ಪಿರಿಟ್ ನೀರಿನಲ್ಲಿ ಬೆರೆಯುವುದರಿಂದ ಇಲ್ಲಿ ನೀರೇ ಸಾಕು. ಮೊದಲ ಕೆಲವು ಸುತ್ತು ಎಂಜಿನ್ನು ಚಿಮಣಿಯಿಂದ ಎಣ್ಣೆ ಬೆರೆತ ಬಿಸಿನೀರನ್ನು ಉಗುಳುತ್ತದೆ, ಮಕ್ಕಳನ್ನು ಎರಡು ಹೆಜ್ಜೆ ದೂರ ನಿಲ್ಲಿಸಿ. ಸಿಲಿಂಡರ್ ಕಾದ ಮೇಲೆ ಬೆರಳಿನಿಂದ ಮೆಲ್ಲಗೆ ತಳ್ಳಿಕೊಡಿ.

ದೀಪ ಆರಿ, ಒತ್ತಡ ಪೂರ್ತಿ ಇಳಿದ ಮೇಲೆ ಸುರಕ್ಷಾ ಕವಾಟ ಬಿಚ್ಚಿ. ಬಾಯ್ಲರ್ ಇನ್ನೂ ಬೆಚ್ಚಗಿರುವಾಗಲೇ ಉಳಿದ ನೀರನ್ನು ಚೆಲ್ಲಿದರೆ ಒಳಗು ತಾನಾಗಿ ಒಣಗುತ್ತದೆ. ಎಣ್ಣೆಬುಡ್ಡಿಯ ತಳದ ನೀರನ್ನು ಹೀರಿ ತೆಗೆದು ಹೊಸ ಎಣ್ಣೆ ತುಂಬಿಸಿ, ಸರಳುಗಳನ್ನು ಬಟ್ಟೆಯಿಂದ ಒರೆಸಿ. ಬೋರ್‌ವೆಲ್ ನೀರು ಹಾಕಿದ್ದರೆ ತಾಮ್ರದೊಳಗೆ ಬಿಳಿ ಪದರ ಕಟ್ಟಿರುತ್ತದೆ. ಮುಂದಿನ ಸಲದಿಂದ ಮಳೆನೀರು ಹಿಡಿದಿಟ್ಟುಕೊಳ್ಳಿ.